ಎರಡು ಮಡಿಕೆ, ಆರು ಮುಖ
ಎ4 ಹಾಳೆಯ ಉದ್ದ 297 ಮಿಲಿಮೀಟರ್. ಎರಡು ಮಡಿಕೆ ಬಿದ್ದರೆ ಎರಡೂ ಬದಿ ಸೇರಿ ಆರು ಮುಖ; ಚಿತ್ರಕಲಾ ಪ್ರದರ್ಶನದ ಬ್ರೋಷರ್‌ಗೆ ಧಾರಾಳ ಜಾಗ. ಆದರೆ 99, 99, 99 ಎಂದು ಸಮನಾಗಿ ಹಂಚಿದರೆ ಒಳಗೆ ಸೇರುವ ಭಾಗ ಮಡಿಕೆಗೆ ಒತ್ತಿ ಉಬ್ಬುತ್ತದೆ. ಅದಕ್ಕೇ 100, 100, ಒಳಭಾಗಕ್ಕೆ 97ರ ಲೆಕ್ಕ.

ಮುಖಪುಟಕ್ಕೆ ಒಂದೇ ಕಲಾಕೃತಿ ಸಾಕು. ಹತ್ತು ತುರುಕಿದರೆ ಅದು ಸೀರೆ ಅಂಗಡಿಯ ಜಾಹೀರಾತೇ! ಕೃತಿಯ ಹೆಸರು, ವರ್ಷ, ಮಾಧ್ಯಮ, ಅಳತೆ ಚಿತ್ರದ ಪಕ್ಕದಲ್ಲೇ ಇರಬೇಕು. ಮಡಿಕೆಯ ಗೆರೆ ಚಿತ್ರವನ್ನು ಸೀಳಬಾರದು. ಕಾಗದ ದಪ್ಪವಿದ್ದರೆ ಮೊದಲು ಕ್ರೀಸಿಂಗ್ (ಮಡಿಕೆಯ ಗೆರೆಯನ್ನು ಒತ್ತಿ ಮೂಡಿಸುವುದು), ಆಮೇಲೆ ಮಡಿಕೆ. ಇಲ್ಲದಿದ್ದರೆ ಗೆರೆಯುದ್ದಕ್ಕೂ ಬಣ್ಣ ಬಿರುಕು ಬಿಡುತ್ತದೆ.

ಮಡಿಕೆಯನ್ನೇ ಗೇಲಿ ಮಾಡಿದವರೂ ಉಂಟು. 1953ರಲ್ಲಿ ನ್ಯೂಯಾರ್ಕಿನ ಸಿಡ್ನಿ ಜಾನಿಸ್ ಗ್ಯಾಲರಿಯ ದಾದಾ ಕಲಾ ಚಳವಳಿಯ ಪ್ರದರ್ಶನಕ್ಕೆ ಕಲಾವಿದ ಮಾರ್ಸೆಲ್ ದುಶಾಂ ವಿನ್ಯಾಸಗೊಳಿಸಿದ ತೆಳು ಹಾಳೆಯನ್ನು ಮುದುರಿ, ಉಂಡೆ ಕಟ್ಟಿ ಬಂದವರ ಕೈಗೆ ಕೊಡಲಾಗಿತ್ತು.