ಕ್ಷಯದ ಮಾತ್ರೆ: ಅಡ್ಡಪರಿಣಾಮಕ್ಕೆ ಅಂಜಿ ಅರ್ಧಕ್ಕೆ ಬಿಡದಿರಿ

ತಿಪಟೂರು: ಕ್ಷಯರೋಗಕ್ಕೆ ಮಾತ್ರೆ ನುಂಗಲು ಆರಂಭಿಸಿದ ಮೊದಲ ದಿನವೇ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಬಹುದು. ಹಿತ್ತಲಲ್ಲೇ ತೆಂಗಿರುವ ಹೊನ್ನವಳ್ಳಿ ಸೀಮೆಯಲ್ಲಿ ಇದನ್ನು ‘ಉಷ್ಣ’ವೆಂದು ಬಗೆದು ಎಳನೀರಿನ ಮೊರೆ ಹೋಗುವುದು ಸಹಜ. ಎಳನೀರು ಕುಡಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಗಾಬರಿಯಿಂದ ಮಾತ್ರೆ ನಿಲ್ಲಿಸಿದರೆ ಅಪಾಯ. ಆ ಬಣ್ಣ ರಿಫಾಂಪಿಸಿನ್ ಎಂಬ ಔಷಧಿಯದು. ಬೆವರು, ಕಣ್ಣೀರಿಗೂ ಅದು ಇಳಿಯಬಹುದು. ಇದು ನಿರಪಾಯಕಾರಿ.

ಔಷಧಿಗೆ ಬಗ್ಗುವ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ ಬೇಕು. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಹಾಗೂ ಇಥಾಂಬುಟಾಲ್. ನಂತರದ ನಾಲ್ಕು ತಿಂಗಳು ಪೈರಜಿನಮೈಡ್ ಬಿಟ್ಟು ಉಳಿದ ಮೂರು. ಹಿಂದೆ ಸರ್ಕಾರಿ ಕೇಂದ್ರಗಳಲ್ಲಿ ವಾರಕ್ಕೆ ಮೂರು ದಿನ ಕೊಡುತ್ತಿದ್ದ ಈ ಮಾತ್ರೆಗಳನ್ನು 2017ರಿಂದೀಚೆಗೆ ದೇಶಾದ್ಯಂತ ಪ್ರತಿದಿನವೂ ನೀಡಲಾಗುತ್ತಿದೆ.

ಕೆಲವು ಅಡ್ಡಪರಿಣಾಮಗಳನ್ನು ಚಿಕಿತ್ಸೆ ಮುಂದುವರಿಸುತ್ತಲೇ ನಿಭಾಯಿಸಬಹುದು. ಐಸೋನಿಯಾಜಿಡ್‌ನಿಂದ ಕೈಕಾಲು ಜುಮುಗುಟ್ಟಿದರೆ ಬಿ6 ಜೀವಸತ್ವದ ಮಾತ್ರೆ ನೆರವಾಗುತ್ತದೆ. ಪೈರಜಿನಮೈಡ್ ರಕ್ತದಲ್ಲಿ ಯೂರಿಕ್ ಆಮ್ಲವನ್ನು ಹೆಚ್ಚಿಸುವುದರಿಂದ ಕೀಲು ನೋವು ಬರಬಹುದು. ಅದಕ್ಕೆ ನೋವು ನಿವಾರಕಗಳಿವೆ.

ಆದರೆ ಕೆಲವು ಲಕ್ಷಣಗಳನ್ನು ಕಡೆಗಣಿಸುವಂತಿಲ್ಲ. ಕಣ್ಣು ಹಳದಿಯಾಗುವುದು, ಎಡೆಬಿಡದ ವಾಂತಿ ಯಕೃತ್ತಿಗೆ ಪೆಟ್ಟು ಬಿದ್ದಿರುವುದರ ಸೂಚನೆ. ಮದ್ಯಪಾನಿಗಳಲ್ಲಿ ಈ ಅಪಾಯ ಹೆಚ್ಚು. ದೃಷ್ಟಿ ಮಂಜಾದರೆ, ಕೆಂಪು–ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದಾದರೆ ಅದಕ್ಕೆ ಇಥಾಂಬುಟಾಲ್ ಕಾರಣವಿರಬಹುದು. ಇಂತಹ ಸಂದರ್ಭದಲ್ಲಿ ಅಂದೇ ವೈದ್ಯರನ್ನು ಕಾಣಬೇಕು. ಮುಂದಿನ ಮಾತ್ರೆ ಅವರ ಸಲಹೆಯ ನಂತರವೇ. ಯಕೃತ್ತು ಚೇತರಿಸಿಕೊಂಡ ಮೇಲೆ ವೈದ್ಯರು ಔಷಧಿಗಳನ್ನು ಒಂದೊಂದಾಗಿ ಮರಳಿ ಆರಂಭಿಸುತ್ತಾರೆ.

ಕೆಲವೇ ವಾರಗಳಲ್ಲಿ ಕೆಮ್ಮು ತಗ್ಗಿ, ಹಸಿವು ಮರಳುತ್ತದೆ. ಅಷ್ಟಕ್ಕೇ ರೋಗ ವಾಸಿಯಾಯಿತೆಂದು ಭಾವಿಸುವಂತಿಲ್ಲ. ದೇಹದಲ್ಲಿ ಅಡಗಿ ಉಳಿದ ರೋಗಾಣುಗಳು ಮತ್ತೆ ಹೆಚ್ಚಬಹುದು, ಔಷಧಿಗೆ ಬಗ್ಗದಂತೆಯೂ ಆಗಬಹುದು. ಆಗ ಚಿಕಿತ್ಸೆ ಇನ್ನಷ್ಟು ಕಠಿಣ. ಮನೆಮಂದಿಗೂ ಅದೇ ರೋಗಾಣು ಹರಡುವ ಭೀತಿ.

ಕ್ಷಯ ಚಿಕಿತ್ಸೆಯ ಚರಿತ್ರೆಯಲ್ಲಿ ತುಮಕೂರು ಜಿಲ್ಲೆಗೆ ವಿಶೇಷ ಸ್ಥಾನವಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ಇಲ್ಲಿನ ಹಳ್ಳಿಗಳಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರೋಗಿಗಳ ಪೈಕಿ ಸುಮಾರು ಅರ್ಧದಷ್ಟು ಜನ ಆಗಲೇ ತಾವಾಗಿಯೇ ಆಸ್ಪತ್ರೆಗಳ ಬಾಗಿಲು ತಟ್ಟಿದ್ದು ಕಂಡುಬಂದಿತ್ತು. ಹಳ್ಳಿಯ ಜನ ಔಷಧಿ ಅರಸಿ ಬರುತ್ತಾರೆಂಬುದು ಅಂದೇ ಸಾಬೀತಾಗಿದೆ. ಬಂದವರಿಗೆ ಮಾತ್ರೆಯ ಜೊತೆಗೆ, ನಾಳೆ ಮೂತ್ರದ ಬಣ್ಣ ಬದಲಾದೀತು, ಅಂಜಬೇಡಿ ಎಂಬ ಮಾತನ್ನೂ ಕೊಟ್ಟು ಕಳುಹಿಸುವುದು ಆರೋಗ್ಯ ಸಿಬ್ಬಂದಿಯ ಹೊಣೆ.