ನಮ್ಮ ನೆರೆಯ ಜ್ವಾಲಾಮುಖಿಯ ನಾಡು

ಜ್ವಾಲಾಮುಖಿ ಎಂದೊಡನೆ ನಮ್ಮ ಕಣ್ಣೆದುರಿಗೆ ಬಂದು ನಿಲ್ಲುವುದು ಬೆಂಕಿಯನ್ನೂ ಹೊಗೆಯನ್ನೂ ಉಗುಳುವ ಪರ್ವತಶಿಖರ. ಇಟಲಿಯ ವೆಸೂವಿಯಸ್, ಜಪಾನಿನ ಫ್ಯೂಜಿ, ಹವಾಯಿ ದ್ವೀಪದ ಕಿಲವೆಯಾ ಮುಂತಾದ ಹೆಸರುಗಳನ್ನು ಭೂಗೋಳದ ಪಾಠದಲ್ಲಿ ಓದಿದ್ದೇವೆ. ಅವನ್ನು ಕಣ್ಣಾರೆ ಕಾಣಲೆಂದು ದೇಶದೇಶಗಳ ಜನರು ಹಣವನ್ನೂ ಕಾಲವನ್ನೂ ವೆಚ್ಚಮಾಡಿ ಹೋಗುತ್ತಾರೆ. ಹೈದರಾಬಾದಿನಲ್ಲಿ ವಾಸಿಸುವ ನಮಗೆ ಅಂಥ ಭಾಗ್ಯವೆಲ್ಲಿ ಎಂದು ಯಾರಾದರೂ ಕೇಳಿದರೆ ಅವರಿಗೆ ಕೊಡಬಹುದಾದ ಉತ್ತರವೊಂದುಂಟು: ಇಲ್ಲಿಂದ ಸುಮಾರು ೧೪೦ ಕಿಲೋಮೀಟರ್ ದೂರದ ಬೀದರಕ್ಕೆ ಹೋಗಿಬನ್ನಿ. ಅಲ್ಲಿ ಇಂದು ಬೆಂಕಿಯಿಲ್ಲ, ಹೊಗೆಯಿಲ್ಲ. ಆದರೆ ಆ ಪ್ರಸ್ಥಭೂಮಿಯೆಲ್ಲವೂ ಒಂದು ಕಾಲದಲ್ಲಿ ಕುದಿಯುತ್ತ ಹರಿದ ಶಿಲಾರಸದಿಂದಲೇ ಆದುದು.

ಮೊದಲು ನಮ್ಮ ನಗರದ ಕಲ್ಲನ್ನೇ ನೋಡೋಣ. ಗೋಲ್ಕೊಂಡದಲ್ಲಿ, ಮೌಲಾಲಿಯಲ್ಲಿ, ಬಂಜಾರಾ ಹಿಲ್ಸ್‌ನಲ್ಲಿ ಒಂದರ ಮೇಲೊಂದು ಇಟ್ಟಂತಿರುವ ದುಂಡನೆಯ ಬಂಡೆಗಳನ್ನು ಯಾರು ತಾನೇ ಕಂಡಿಲ್ಲ? ಅವು ಗ್ರಾನೈಟ್ ಶಿಲೆಗಳು. ಭೂಮಿಯ ಒಡಲಿನಲ್ಲಿ, ಬಹು ಆಳದಲ್ಲಿ, ಶಿಲಾರಸವು ಹೊರಗೆ ಬಾರದೆ ಮೆಲ್ಲಮೆಲ್ಲನೆ ತಣಿದು ಗಟ್ಟಿಯಾದುದರಿಂದ ಅವು ಹುಟ್ಟಿದವು. ಅವುಗಳ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಮೇಲಿನ ನೆಲವೆಲ್ಲ ಸವೆದುಹೋದ ಮೇಲೆ ಅವು ಬಯಲಿಗೆ ಬಂದು, ಬಿರುಕುಗಳುದ್ದಕ್ಕೂ ಬಿಸಿಲುಮಳೆಗೆ ಕರಗಿ, ಈಗಿನ ದುಂಡು ರೂಪವನ್ನು ತಾಳಿದವು.

ಸಂಗಾರೆಡ್ಡಿಯನ್ನು ದಾಟಿ ಜಹೀರಾಬಾದಿನತ್ತ ಸಾಗುವಾಗ ಈ ಬಂಡೆಗಳು ಕ್ರಮೇಣ ಕಣ್ಮರೆಯಾಗುತ್ತವೆ. ಬೆಟ್ಟಗಳ ನೆತ್ತಿ ಚಪ್ಪಟೆಯಾಗುತ್ತದೆ. ಕೆಲವು ಹೊಲಗಳಲ್ಲಿ ಮಣ್ಣು ಕಪ್ಪಾಗುತ್ತದೆ, ಕೆಲವೆಡೆ ಕುಂಕುಮದಂತೆ ಕೆಂಪಾಗುತ್ತದೆ. ಮಾರ್ಗದಲ್ಲಿ ಯಾವ ಫಲಕವೂ ಸಾರದಿದ್ದರೂ, ನಾವು ಆಗ ಒಂದು ದೊಡ್ಡ ಎಲ್ಲೆಯನ್ನು ದಾಟಿರುತ್ತೇವೆ. ೧೯೫೬ರಲ್ಲಿ ರಾಜ್ಯಗಳನ್ನು ಪುನರ್ವಿಂಗಡಿಸಿದಾಗ ಎಳೆದ ಗಡಿಗಿಂತ ಬಹುಪಾಲು ಹಳೆಯದಾದ ಎಲ್ಲೆ ಅದು.

ಅಲ್ಲಿ ನಡೆದುದೇನು? ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖ್ಖಣದ ನೆಲವು ಉದ್ದುದ್ದವಾಗಿ ಬಿರಿಯಿತು. ಆ ಬಿರುಕುಗಳಿಂದ ಶಿಲಾರಸವು ಹೊರಬಿದ್ದು, ನೀರು ಹರಿವಂತೆ ಬಯಲುಗಳ ಮೇಲೆ ನೂರಾರು ಕಿಲೋಮೀಟರ್ ಹರಡಿತು. ಶಿಖರವಾಗಿ ಎದ್ದು ನಿಲ್ಲದೆ ಹಾಸಾಗಿ ಹರಡಿದುದೇ ಈ ಜ್ವಾಲಾಮುಖಿಯ ವೈಶಿಷ್ಟ್ಯ. ಒಂದು ಹರಿವು ತಣಿದು ಕರಿಕಲ್ಲಾಯಿತು. ಅದರ ಮೇಲೆ ಮತ್ತೊಂದು ಹರಿಯಿತು. ಎರಡು ಹರಿವುಗಳ ನಡುವಣ ವಿರಾಮದಲ್ಲಿ ಕೆರೆಗಳಾದವು, ಗಿಡಗಳು ಬೆಳೆದವು. ಅವುಗಳ ಅವಶೇಷಗಳು ಇಂದಿಗೂ ಕಲ್ಲಿನ ಪದರಗಳ ಮಧ್ಯೆ ದೊರೆಯುತ್ತವೆ. ಹೀಗೆ ಪದರದ ಮೇಲೆ ಪದರವಾಗಿ ಬೆಳೆದ ಈ ಶಿಲೆಯನ್ನು ದಖ್ಖಣದ ಟ್ರ್ಯಾಪ್ ಎನ್ನುವರು. ಟ್ರ್ಯಾಪ್ ಎಂಬುದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಮಾತಿನಿಂದ ಬಂದುದು. ಬೆಟ್ಟಗಳ ಓರೆಯಲ್ಲಿ ಈ ಪದರಗಳು ಮೆಟ್ಟಿಲಿನಂತೆಯೇ ಕಾಣುತ್ತವೆ. ಇದು ಇಂದು ಆವರಿಸಿರುವ ಪ್ರದೇಶ ಸುಮಾರು ೫ ಲಕ್ಷ ಚದರ ಕಿಲೋಮೀಟರ್. ಪಶ್ಚಿಮಘಟ್ಟದಲ್ಲಿ ಇದರ ದಪ್ಪ ಸುಮಾರು ೨ ಕಿಲೋಮೀಟರ್. ಡೈನೋಸಾರುಗಳು ಅಳಿದುದೂ ಸರಿಸುಮಾರು ಆ ಕಾಲದಲ್ಲಿಯೇ. ಮೆಕ್ಸಿಕೋದ ಬಳಿ ಬಿದ್ದ ಆಕಾಶಕಾಯವು ಅದಕ್ಕೆ ಮುಖ್ಯ ಕಾರಣವೆಂದು ಹೆಚ್ಚಿನ ವಿಜ್ಞಾನಿಗಳು ಹೇಳುತ್ತಾರೆ. ದಖ್ಖಣದ ಈ ಬೆಂಕಿಯ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇಷ್ಟು ಭಯಂಕರವಾದ ಬೆಂಕಿಯು ನಮಗೆ ಬಿಟ್ಟುಹೋದುದೇನೆಂದು ಕೇಳಿದರೆ, ಅನ್ನವನ್ನೂ ನೀರನ್ನೂ ಎನ್ನಬೇಕು. ಕರಿಕಲ್ಲು ಕರಗಿ ಎರೆಮಣ್ಣಾಯಿತು. ತೇವವನ್ನು ಬಹುದಿನ ಹಿಡಿದಿಡಬಲ್ಲ ಆ ಮಣ್ಣಿನಲ್ಲಿ ಕಲಬುರಗಿಯ ತೊಗರಿ, ಬಿಳಿಜೋಳ ಬೆಳೆಯುತ್ತವೆ. ನಾವು ಮನೆಯಲ್ಲಿ ಉಣ್ಣುವ ರೊಟ್ಟಿಗೂ ಬೇಳೆಗೂ ಆ ಪುರಾತನ ಜ್ವಾಲೆಯೇ ಮೂಲವೆಂದರೆ ಅತಿಶಯೋಕ್ತಿಯಲ್ಲ.

ಬೀದರದಲ್ಲಿ ಕರಿಕಲ್ಲಿನ ಮೇಲ್ಭಾಗವು ಲಕ್ಷಾಂತರ ವರ್ಷಗಳ ಮಳೆಬಿಸಿಲಿಗೆ ಸಿಕ್ಕಿ, ಕಬ್ಬಿಣದ ಅಂಶ ಉಳಿದು, ಜಂಬಿಟ್ಟಿಗೆಯಾಗಿದೆ. ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಡುಸಾಗುವುದು ಈ ಕಲ್ಲಿನ ಗುಣ. ೧೫ನೆಯ ಶತಮಾನದಲ್ಲಿ ಬಹಮನಿ ಅರಸರು ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದು, ಕೋಟೆಯ ಸುತ್ತ ಮೂರು ಸಾಲಿನ ಕಂದಕವನ್ನು ಈ ಕಲ್ಲಿನಲ್ಲಿಯೇ ಕಡಿಸಿದರು. ಜಂಬಿಟ್ಟಿಗೆಯು ತೂತುತೂತಾದ ಕಲ್ಲು. ಮಳೆಯ ನೀರು ಅದರೊಳಗೆ ಸುಲಭವಾಗಿ ಇಳಿಯುತ್ತದೆ. ಕೆಳಗಿನ ಗಟ್ಟಿ ಪದರವು ಅದನ್ನು ತಡೆಯುವುದರಿಂದ ನೀರು ಪಕ್ಕಕ್ಕೆ ಸರಿದು, ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊಮ್ಮುತ್ತದೆ. ನರಸಿಂಹ ಝರಣಿಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ಗುಹೆಯೊಳಗೆ ನಡೆದು ದೇವರ ದರ್ಶನ ಪಡೆಯುವುದೂ, ಗುರುನಾನಕ ಝೀರಾದಲ್ಲಿ ಸಿಖ್ಖರು ತೀರ್ಥ ಸ್ವೀಕರಿಸುವುದೂ ಇಂಥ ಝರಿಗಳಿಂದಲೇ. ನೌಬಾದಿನ ಕಾರೇಜ್ ಎಂಬ ನೆಲದಡಿಯ ಕಾಲುವೆಯನ್ನು ತೋಡಿದವರೂ ಇದೇ ಗುಟ್ಟನ್ನು ಅರಿತಿದ್ದರು.

ಬೆಂಕಿಯಾರಿದ ಕಲ್ಲನ್ನು ನೋಡಲು ಯಾರು ಬರುತ್ತಾರೆ ಎಂದು ಸಂದೇಹಪಡಬೇಕಾಗಿಲ್ಲ. ಉತ್ತರ ಐರ್ಲೆಂಡಿನ ಕಡಲತೀರದಲ್ಲಿ ಜೈಂಟ್ಸ್ ಕಾಸ್‌ವೇ ಎಂಬ ಸ್ಥಳವಿದೆ. ಶಿಲಾರಸ ತಣಿದು ಸೀಳಿ ಉಂಟಾದ ಸುಮಾರು ೪೦,೦೦೦ ಕಲ್ಲುಕಂಬಗಳಲ್ಲದೆ ಅಲ್ಲಿ ಬೇರೇನೂ ಇಲ್ಲ; ಆದರೂ ೧೯೮೬ರಲ್ಲಿ ಅದು ವಿಶ್ವಪರಂಪರೆಯ ತಾಣವಾಯಿತು, ಜನರು ತಂಡತಂಡವಾಗಿ ಬರುತ್ತಾರೆ. ನಮ್ಮ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿಯೂ ಅಂಥ ಕಂಬಗಳಿವೆ. ಭಾರತವು ಮಡಗಾಸ್ಕರಿನಿಂದ ಅಗಲಿದ ಕಾಲದ ಕುರುಹು ಅವು. ರಾಷ್ಟ್ರಕೂಟ ಒಂದನೆಯ ಕೃಷ್ಣನು ಎಲ್ಲೋರದಲ್ಲಿ ಕೈಲಾಸ ದೇವಾಲಯವನ್ನು ಕಡಿಸಿದ ಬೆಟ್ಟವೂ ದಖ್ಖಣದ ಟ್ರ್ಯಾಪೇ. ಉರಿಯುವ ಜ್ವಾಲಾಮುಖಿಯ ಬಳಿ ಹೋಗುವುದರಲ್ಲಿ ಅಪಾಯವೂ ಉಂಟು: ೨೦೧೯ರ ಡಿಸೆಂಬರಿನಲ್ಲಿ ನ್ಯೂಜಿಲೆಂಡಿನ ವಕಾರಿ ದ್ವೀಪದ ಜ್ವಾಲಾಮುಖಿ ಹಠಾತ್ತನೆ ಸಿಡಿದು ೨೨ ಜನರು ಅಸುನೀಗಿದರು. ನಮ್ಮ ನಾಡಿನ ಆರಿದ ಬೆಂಕಿಗೆ ಆ ಭಯವಿಲ್ಲ.

ಕೊರತೆಯಿರುವುದು ಕಥೆಯನ್ನು ಹೇಳುವವರದು. ಬೀದರಕ್ಕೆ ಹೋದವರು ಕೋಟೆಯನ್ನು ನೋಡುತ್ತಾರೆ, ಸುಲ್ತಾನರ ಹೆಸರುಗಳನ್ನು ಕೇಳುತ್ತಾರೆ. ಆ ಕೋಟೆ ನಿಂತ ಕಲ್ಲಿನ ಚರಿತ್ರೆಯನ್ನು ವಿಚಾರಿಸುವವರು ವಿರಳ. ತಿಳಿಯದುದನ್ನು ಯಾರೂ ಕಾಪಾಡುವುದಿಲ್ಲ. ಇದಕ್ಕೆ ನಮ್ಮ ನಗರವೇ ಸಾಕ್ಷಿ: ಕೋಟ್ಯಂತರ ವರ್ಷ ನಿಂತ ಬಂಡೆಗಳನ್ನು ಒಡೆದು ಮನೆಗಳನ್ನೂ ರಸ್ತೆಗಳನ್ನೂ ಮಾಡಿಕೊಂಡಿದ್ದೇವೆ, ಒಮ್ಮೆ ಒಡೆದುದನ್ನು ಮರಳಿ ನಿಲ್ಲಿಸುವ ಶಕ್ತಿ ಯಾರಿಗೂ ಇಲ್ಲ. ನೌಬಾದಿನ ಕಾರೇಜ್ ಸಹ ಹೂಳು ತುಂಬಿ ಬಹುಕಾಲ ಮರೆತುಹೋಗಿದ್ದು, ಈ ಶತಮಾನದಲ್ಲಿ ಅದನ್ನು ಮತ್ತೆ ಅಗೆದು ತೆರೆಯಬೇಕಾಯಿತು. ಕೇವಲ ಹೆಚ್ಚು ಜನರು ಬಂದು ಕಾಗದ, ಪ್ಲಾಸ್ಟಿಕ್ ಚೆಲ್ಲಿ ಹೋದರೆ ಪ್ರವಾಸವು ಬೆಳೆದಂತಾಗದು. ಝರಿಯ ಬಳಿ, ಕಂದಕದ ಬಳಿ, ಬೆಟ್ಟದ ಮೆಟ್ಟಿಲುಗಳ ಬಳಿ ಕನ್ನಡದಲ್ಲಿ ನಾಲ್ಕು ಸಾಲಿನ ವಿವರಣೆಯಿದ್ದರೆ, ಹಳ್ಳಿಯ ತರುಣರು ಅದನ್ನು ಕಲಿತು ಹೇಳಬಲ್ಲವರಾದರೆ, ಬಂದವರಿಗೆ ಜ್ಞಾನವೂ ಊರಿನವರಿಗೆ ಜೀವನವೂ ದೊರೆಯುತ್ತದೆ.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಹಲವರ ಅಜ್ಜ ಅಜ್ಜಿಯರ ಊರು ಬೀದರ, ಹುಮನಾಬಾದ, ಕಲಬುರಗಿಗಳ ಕಡೆಯೇ ಇರುತ್ತದೆ. ಮುಂದಿನ ರಜೆಯಲ್ಲಿ ಅಲ್ಲಿಗೆ ಹೋದಾಗ ಬಾವಿಯ ಗೋಡೆಯ ಪದರಗಳನ್ನು ಎಣಿಸಿರಿ; ಹೊಲದ ಹೆಂಟೆಯನ್ನು ಕೈಯಲ್ಲಿ ಹಿಡಿದು ಅದರ ಬಣ್ಣವನ್ನು ನೋಡಿರಿ; ನೀರು ಎಲ್ಲಿಂದ ಬರುತ್ತದೆಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿರಿ. ಬಳಿಕ ತರಗತಿಗೆ ಬಂದು ಗೆಳೆಯರಿಗೆ ಹೇಳಿರಿ. ನಮ್ಮ ಜ್ವಾಲಾಮುಖಿಯ ನಾಡಿಗೆ ಪ್ರವಾಸಿಗರನ್ನು ಕರೆತರುವ ಕೆಲಸವು ಅಲ್ಲಿಂದಲೇ ಆರಂಭವಾಗಲಿ.