ಬೆರಳಿಗೊಂದು ದರ್ಜೆ, ಕಿವಿಗೊಂದು ದರ್ಜೆ

ಕಡಕೊಳದಲ್ಲಿ ಬಸ್ಸು ಹತ್ತಿದರೆ ಮೈಸೂರಿನ ಅಶೋಕ ರಸ್ತೆಯ ಚಿನ್ನದಂಗಡಿಗಳ ಸಾಲು ದೂರವೇನಲ್ಲ. ಮಗಳ ಮದುವೆಗೆ ಓಲೆ, ಬೇಸರಿ, ಬರುವ ಸೊಸೆಗೆ ಉಂಗುರ ಎಂದು ನಂಜನಗೂಡು ರಸ್ತೆಯ ಊರುಗಳ ಮನೆಮಂದಿ ಹೋಗುವುದು ಅಲ್ಲಿಗೆ, ಇಲ್ಲವೆ ದೇವರಾಜ ಅರಸು ರಸ್ತೆಗೆ. ಅಂಗಡಿಯವರು ಟ್ರೇ ಮುಂದಿಟ್ಟು ‘ವಿವಿಎಸ್ ತೋರಿಸಲಾ, ವಿಎಸ್ ಸಾಕಾ?’ ಎನ್ನುತ್ತಾರೆ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ್ದು ಇನ್ನೊಂದಿದೆ: ಈ ಒಡವೆ ಹಾಕಿಕೊಳ್ಳುವ ಕೈ ದಿನವಿಡೀ ಏನು ಕೆಲಸ ಮಾಡುತ್ತದೆ?

ಕಡಕೊಳದ ಕೈಗಳಿಗೆ ಬಿಡುವಿಲ್ಲ. ಒಂದು ಕಡೆ ಕೈಗಾರಿಕಾ ಪ್ರದೇಶ, ಕಂಟೇನರ್ ಡಿಪೊ, ಇನ್ನೊಂದು ಕಡೆ ಹೊಲ, ಕೊಟ್ಟಿಗೆ. ಬೆಳಿಗ್ಗೆ ಪಾತ್ರೆ ಉಜ್ಜಿ, ಎಂಟಕ್ಕೆ ಪಾಳಿಗೆ ಹೊರಡುವ ಹೆಂಗಸಿನ ಬೆರಳಲ್ಲಿರುವ ವಜ್ರಕ್ಕೂ ಹಬ್ಬಕ್ಕೊಮ್ಮೆ ಬೀರುವಿನಿಂದ ಹೊರಬರುವ ಓಲೆಯ ವಜ್ರಕ್ಕೂ ಒಂದೇ ಲೆಕ್ಕ ಹಾಕಲಾಗದು.

ವಜ್ರ ಗಟ್ಟಿ ಎನ್ನುವುದು ನಿಜ. ಮೋಸ್ ಮಾಪಕದಲ್ಲಿ ಅದಕ್ಕೆ 10, ಕೆಂಪು ನೀಲಗಳಿಗೆ 9, ನಮ್ಮ ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲಿರುವ ಬೆಣಚಿಗೆ 7. ಆದರೆ ಆ ಸಂಖ್ಯೆ ಹೇಳುವುದು ಗೀರು ಬೀಳುವ ಮಾತನ್ನಷ್ಟೇ. ಪೆಟ್ಟು ತಡೆಯುವ ಶಕ್ತಿ ಬೇರೆ. ವಜ್ರದ ಹರಳಿಗೆ ನಾಲ್ಕು ದಿಕ್ಕಿನಲ್ಲಿ ಸೀಳುವ ಗುಣವಿದೆ. ನಾರು ನೋಡಿ ಕೊಡಲಿ ಹಾಕಿದರೆ ಸೌದೆ ಸೀಳುವ ಹಾಗೆ, ಸರಿಯಾದ ಕೋನದಲ್ಲಿ ಬಿದ್ದ ಒಂದು ಪೆಟ್ಟಿಗೆ ಚಕ್ಕೆ ಏಳುತ್ತದೆ. ಹಿಂದಿನ ಕಾಲದ ಕೆಲಸಗಾರರು ಕಚ್ಚಾ ವಜ್ರವನ್ನು ಎರಡು ಮಾಡುತ್ತಿದ್ದದ್ದೂ ಈ ಗುಣದಿಂದಲೇ. ಹಾಗಾಗಿ ರುಬ್ಬುಗುಂಡಿಗೋ ಬಸ್ಸಿನ ಕಂಬಿಗೋ ತಗುಲಿದ ಉಂಗುರದ ಕಲ್ಲಿನಲ್ಲಿ ಒಂದು ಗೀರೂ ಕಾಣದಿರಬಹುದು, ಅಂಚಿನಲ್ಲಿ ಮಾತ್ರ ಚೂರು ಹಾರಿರಬಹುದು.

ಈಗ ದರ್ಜೆಯ ವಿಷಯ. ಇಂದು ಅಂಗಡಿಗಳಲ್ಲಿ ನಡೆಯುವ ಶುದ್ಧತೆಯ ಶ್ರೇಣಿ ಅಮೆರಿಕದ ಜಿಐಎ ಸಂಸ್ಥೆ 1950ರ ದಶಕದಲ್ಲಿ ರೂಪಿಸಿದ್ದು. ಹತ್ತು ಪಟ್ಟು ಹಿಗ್ಗಿಸುವ ಲೂಪಿನಲ್ಲಿ ನೋಡಿದಾಗ ಒಳಗೂ ಹೊರಗೂ ಏನೂ ಕಾಣದಿದ್ದರೆ ಎಫ್‌ಎಲ್. ಅಲ್ಲಿಂದ ಐಎಫ್, ವಿವಿಎಸ್, ವಿಎಸ್, ಎಸ್‌ಐ ಎಂದು ಇಳಿಯುತ್ತಾ ಐ3ರವರೆಗೆ ಒಟ್ಟು 11 ಮೆಟ್ಟಿಲು. ನಮ್ಮ ಅಂಗಡಿಗಳಲ್ಲಿ ಇದನ್ನು ಬಣ್ಣದ ದರ್ಜೆಯ ಜೊತೆ ಸೇರಿಸಿ ‘ವಿವಿಎಸ್–ಇಎಫ್’, ‘ವಿಎಸ್–ಜಿಎಚ್’, ‘ಎಸ್‌ಐ–ಐಜೆ’ ಎಂದು ಜೋಡಿಯಾಗಿ ಹೇಳುತ್ತಾರೆ. ಹಿರಿಯರ ಬಾಯಲ್ಲಿ ಇಂದಿಗೂ ಕೇಳಿಬರುವ ‘ಬ್ಲೂ ಜಾಗರ್’ ಬೇರೆ ಮಾತು. ದಕ್ಷಿಣ ಆಫ್ರಿಕದ ಜಾಗರ್ಸ್‌ಫಾಂಟೀನ್ ಗಣಿಯಿಂದ ಬಂದ ಆ ಹೆಸರು ಕಲ್ಲಿನ ಬಣ್ಣವನ್ನು ಹೊಗಳುತ್ತದೆ, ದೋಷದ ಬಗ್ಗೆ ಏನೂ ಹೇಳುವುದಿಲ್ಲ.

ದೋಷ ಎಣಿಸುವ ವಿದ್ಯೆ ನಮಗೆ ಹೊಸದಲ್ಲ. ರತ್ನಪರೀಕ್ಷೆಯ ಹಳೆಯ ಸಂಸ್ಕೃತ ಗ್ರಂಥಗಳು ವಜ್ರದ ದೋಷಗಳನ್ನು ಬಿಂದು, ರೇಖೆ, ಯವ, ಕಾಕಪದ, ಮಲ ಎಂದು ಹೆಸರಿಟ್ಟು ವಿಂಗಡಿಸಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲೂ ರತ್ನಗಳ ವಿಚಾರ ಬರುತ್ತದೆ. ಕಾಗೆಯ ಹೆಜ್ಜೆಯಂತೆ ಕವಲೊಡೆದ ಬಿರುಕನ್ನೂ ಬರಿಯ ಚುಕ್ಕೆಯನ್ನೂ ಬೇರೆ ಬೇರೆ ಮಾಡಿ ನೋಡಿದ ಆ ಕಣ್ಣು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಇಂದಿನ ಪ್ರಮಾಣಪತ್ರದ ಎರಡಕ್ಷರದಲ್ಲಿ ಮರೆಯಾಗುವುದು ಇದೇ ವ್ಯತ್ಯಾಸ. ಒಂದು ಎಸ್‌ಐ ಕಲ್ಲಿನಲ್ಲಿ ಮಧ್ಯಭಾಗದ ಕಪ್ಪು ಚುಕ್ಕೆಯಿರಬಹುದು, ಇನ್ನೊಂದು ಎಸ್‌ಐ ಕಲ್ಲಿನಲ್ಲಿ ಅಂಚಿನವರೆಗೂ ಬಂದ ಬಿರುಕು. ದರ್ಜೆ ಎರಡಕ್ಕೂ ಒಂದೇ, ಬಾಳಿಕೆ ಒಂದೇ ಅಲ್ಲ.

17ನೆಯ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯಲ್ಲಿದ್ದ ರಾವಲಕೊಂಡ ಗಣಿಗೆ ಫ್ರೆಂಚ್ ರತ್ನವ್ಯಾಪಾರಿ ತಾವರ್ನಿಯೆ ಬಂದಿದ್ದ. ಆ ಜಾಗ ಈಗಿನ ಕರ್ನೂಲು ಜಿಲ್ಲೆಯ ರಾಮಳ್ಳಕೋಟೆ ಎಂದು ಗುರುತಿಸಲಾಗಿದೆ. 1676ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಅವನು ಮೂರು ವಿಷಯ ಬರೆದಿಟ್ಟಿದ್ದಾನೆ, ಮೂರೂ ಇಂದಿಗೂ ಕೆಲಸಕ್ಕೆ ಬರುತ್ತವೆ. ಬಂಡೆಯ ಸಂದಿಯಿಂದ ಮಣ್ಣು ತೆಗೆಯಲು ಹಾರೆಯಿಂದ ಜೋರಾಗಿ ಹೊಡೆಯುತ್ತಿದ್ದರಿಂದ ಅಲ್ಲಿನ ವಜ್ರಗಳಿಗೆ ಬಿರುಕು ಬರುತ್ತಿತ್ತು. ಕಲ್ಲು ಶುದ್ಧವಾಗಿದ್ದರೆ ಕೆಲಸಗಾರರು ಸಾಣೆಗೆ ಮುಟ್ಟಿಸಿ ಬಿಡುತ್ತಿದ್ದರು, ತೂಕ ಕಳೆಯುತ್ತಿರಲಿಲ್ಲ. ಚುಕ್ಕೆಯೋ ಬಿರುಕೋ ಇದ್ದರೆ ಮೈತುಂಬ ಸಣ್ಣ ಸಣ್ಣ ಮುಖಗಳನ್ನು ಕೊರೆದು ದೋಷ ಮರೆಸುತ್ತಿದ್ದರು. ಯೂರೋಪಿನವರು ಹಗಲು ಬೆಳಕಿನಲ್ಲಿ ಕಲ್ಲು ನೋಡಿದರೆ, ಇಲ್ಲಿಯವರು ರಾತ್ರಿ ಗೋಡೆಯ ಗೂಡಿನಲ್ಲಿ ದೊಡ್ಡ ಬತ್ತಿಯ ದೀಪವಿಟ್ಟು, ಬೆರಳ ನಡುವೆ ಹಿಡಿದು ಪರೀಕ್ಷಿಸುತ್ತಿದ್ದರು. ಇಂದಿನ ಅಂಗಡಿಯ ಪ್ರಖರ ದೀಪಗಳಡಿ ಎಲ್ಲ ವಜ್ರವೂ ಹೊಳೆಯುತ್ತದೆ. ಲೂಪು ಕೇಳಿ ಪಡೆದು, ಒಂದೇ ಕಡೆಯ ಬೆಳಕಿಗೆ ಹಿಡಿದು, ಬದಿಯಿಂದ ನೋಡಿದರೆ ಮಾತ್ರ ಒಳಗಿನದು ಕಾಣುತ್ತದೆ.

ಅಂಥ ಲೂಪಿನಡಿ ಎರಡು ತಲೆಮಾರು ಕಂಡ ಏಳು ಕಲ್ಲಿನ ಓಲೆಯನ್ನು ಹಿಡಿದರೆ ದಿನಬಳಕೆ ಏನು ಮಾಡುತ್ತದೆಂದು ಗೊತ್ತಾಗುತ್ತದೆ. ಕಲ್ಲಿನ ಒಳಗಿನ ಚುಕ್ಕೆ ಇದ್ದಲ್ಲೇ ಇದೆ. ಸಾಮಾನ್ಯ ಬಳಕೆಗೆ ಅದು ಬೆಳೆಯುವುದಿಲ್ಲ. ಬದಲಾಗಿರುವುದು ಹೊರಗೆ. ಮುಖಗಳು ಕೂಡುವ ಗೆರೆಗಳು ಚೂಪು ಕಳೆದುಕೊಂಡು ಬಿಳಿಚಿಕೊಂಡಿವೆ, ಏಕೆಂದರೆ ಇಷ್ಟು ವರ್ಷವೂ ಓಲೆ, ಬೇಸರಿ, ಉಂಗುರ ಎಲ್ಲವೂ ಒಂದೇ ಡಬ್ಬಿಯಲ್ಲಿ ಉರುಳಾಡಿವೆ. ವಜ್ರವನ್ನು ಗೀರುವುದು ಇನ್ನೊಂದು ವಜ್ರ ಮಾತ್ರ, ಅದನ್ನು ನಾವೇ ಪಕ್ಕದಲ್ಲಿ ತಂದಿಡುತ್ತೇವೆ. ಕಲ್ಲನ್ನು ಹಿಡಿದ ಚಿನ್ನದ ಅಂಚು ಸವೆದು ತೆಳುವಾಗಿದೆ. ಹಿಂಬದಿ ಮುಚ್ಚಿದ ಕ್ಲೋಸ್ ಸೆಟ್ಟಿಂಗಿನೊಳಗೆ ಎಣ್ಣೆ, ಸೋಪು ಸೇರಿ ಮಂಕು ಕವಿದಿದೆ. ಆಚಾರಿಯ ಕೈಯಲ್ಲಿ ಬಿಚ್ಚಿ ತೊಳೆದು ಮತ್ತೆ ಕಟ್ಟಿಸಿದರೆ ಆ ಓಲೆಯ ಅರ್ಧ ಹೊಳಪು ಮರಳಿ ಬರುತ್ತದೆ. ಗೆರೆಗಳ ಸವೆತಕ್ಕೆ ಮರುಸಾಣೆಯೇ ಬೇಕು, ಅದರಲ್ಲಿ ತೂಕ ಹೋಗುತ್ತದೆ. 50 ಸೆಂಟಿನ, ಅಂದರೆ ಅರ್ಧ ಕ್ಯಾರೆಟ್ ತೂಕದ, ಕಲ್ಲು 48ಕ್ಕೆ ಇಳಿದರೆ ಹೋಗುವುದು ಎರಡು ಸೆಂಟಿನ ಬೆಲೆಯಷ್ಟೇ ಅಲ್ಲ, ಅದು ಕೆಳಗಿನ ದರದ ಗುಂಪಿಗೆ ಬೀಳುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಕಿವಿಯದೂ ಮೂಗಿನದೂ ಪೆಟ್ಟು ಬೀಳದ ಜಾಗ. ಐದು, ಹತ್ತು ಸೆಂಟಿನ ಮೂಗುಬೊಟ್ಟಿಗೆ ಬರಿಗಣ್ಣಿಗೆ ಶುದ್ಧವಾಗಿ ಕಾಣುವ ಎಸ್‌ಐ ಕಲ್ಲು ಧಾರಾಳ ಸಾಕು. ವಿವಿಎಸ್‌ಗೆ ಕೊಡುವ ಹೆಚ್ಚಿನ ಹಣವನ್ನು ಎದುರಿಗೆ ನಿಂತ ಯಾರೂ ಕಾಣಲಾರರು. ಆ ಹಣ ಒಳ್ಳೆಯ ಕಟಿಂಗಿಗೆ ಹೋಗಲಿ, ಹೊಳಪು ಬರುವುದು ಅಲ್ಲಿಂದ. ಬೆರಳಿನದೂ ಮುಂಗೈಯದೂ ಹಾಗಲ್ಲ. ಉಂಗುರಕ್ಕೆ, ಬಳೆಗೆ ವಿಎಸ್ ಕೊಂಡರೂ ಎಸ್‌ಐ ಕೊಂಡರೂ ದೋಷ ಯಾವುದು, ಎಲ್ಲಿದೆ ಎಂದು ಕೇಳಲೇಬೇಕು. ‘ಫೆದರ್’ ಎಂದು ಬರೆಯುವ ಬಿರುಕು ಮೇಲ್ಮೈ ಮುಟ್ಟಿದ್ದರೆ, ಅದರಲ್ಲೂ ಕಲ್ಲಿನ ಸೊಂಟದ ಅಂಚಿನಲ್ಲೋ ಚೌಕ ಕಲ್ಲಿನ ಮೂಲೆಯಲ್ಲೋ ಇದ್ದರೆ, ದರ್ಜೆ ಎಷ್ಟೇ ಚೆನ್ನಾಗಿರಲಿ ದಿನಬಳಕೆಗೆ ಬೇಡ. ಅಂಚು ತೀರಾ ತೆಳುವಾಗಿದ್ದರೂ ಬೇಡ. ಚುಕ್ಕೆಯನ್ನು ಹಿಡಿಕೆಯ ಉಗುರಿನಡಿ ಮರೆಸಿ ಕೂರಿಸುವುದು ಕಸುಬಿನ ಜಾಣತನ, ತಪ್ಪಲ್ಲ. ದೊಡ್ಡ ಬಿರುಕನ್ನು ಹಾಗೆ ಮರೆಸಿದರೆ ಕಟ್ಟುವಾಗಿನ ಒತ್ತಡವೇ ಅದನ್ನು ಸೀಳಬಹುದು.

ದೋಷದ ಜಾಗ ತೋರಿಸುವ ನಕ್ಷೆ ಬಿಡಿ ಕಲ್ಲಿನ ಪೂರ್ಣ ಪ್ರಮಾಣಪತ್ರದಲ್ಲಿ ಇರುತ್ತದೆ. ಹಲವು ಸಣ್ಣ ಕಲ್ಲುಗಳನ್ನು ಕಟ್ಟಿ ಮುಗಿಸಿದ ಒಡವೆಗೆ ಕೊಡುವ ಕಾರ್ಡಿನಲ್ಲಿ ಎಲ್ಲಕ್ಕೂ ಸೇರಿ ಒಂದೇ ದರ್ಜೆ. ಚಿನ್ನದ ಮೇಲಿನ ಬಿಐಎಸ್ ಹಾಲ್‌ಮಾರ್ಕನ್ನೂ 2023ರ ಏಪ್ರಿಲ್ 1ರಿಂದ ಕಡ್ಡಾಯವಾದ ಆರಕ್ಷರದ ಎಚ್‌ಯುಐಡಿಯನ್ನೂ ನೋಡಿ ಕಲ್ಲಿಗೂ ಖಾತರಿ ಸಿಕ್ಕಿತೆಂದು ನೆಮ್ಮದಿಯಾಗುವವರಿದ್ದಾರೆ. ಅದು ಚಿನ್ನದ ಶುದ್ಧತೆಯ ಗುರುತು, ವಜ್ರಕ್ಕೆ ಸಂಬಂಧವಿಲ್ಲ.

ದರ್ಜೆಗೆ ಸುರಿಯುವ ಹಣದಲ್ಲಿ ಒಂದು ಪಾಲು ಕಲ್ಲನ್ನು ಗಟ್ಟಿಯಾಗಿ ಕಟ್ಟಿಸುವುದಕ್ಕೆ ಹೋಗಬೇಕು. ದಿನಬಳಕೆಯ ವಜ್ರ ಕಳೆದುಹೋಗುವುದು ಬಹುಪಾಲು ಒಡೆದಲ್ಲ, ಉದುರಿ. 22 ಕ್ಯಾರೆಟ್ ಚಿನ್ನ ಮೆದು. ತೆಳ್ಳನೆಯ ಉಗುರುಗಳಿಗೆ 18 ಕ್ಯಾರೆಟ್ಟೇ ಸರಿ. ಕೈಕೆಲಸ ಮಾಡುವವರಿಗೆ ಕಲ್ಲಿನ ಸುತ್ತ ಚಿನ್ನದ ಅಂಚು ಮಡಿಸಿ ಕಟ್ಟಿದ ಉಂಗುರವೇ ಎಲ್ಲಕ್ಕಿಂತ ಮೇಲು. ಎತ್ತರಿಸಿ ನಾಲ್ಕು ಉಗುರಿನ ಮೇಲೆ ನಿಲ್ಲಿಸಿದ ಕಲ್ಲು ಸೀರೆಯ ಸೆರಗಿಗೆ, ಸ್ವೆಟರಿನ ನೂಲಿಗೆ ಸಿಕ್ಕಿಕೊಂಡು ಉಗುರು ಏಳುತ್ತದೆ. ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಚಿನ್ನಕ್ಕೆ ಬೆರೆಸಿದ ಲೋಹವನ್ನು ತಿನ್ನುತ್ತದೆ, ಬಚ್ಚಲು ತೊಳೆಯುವಾಗ ಉಂಗುರ ತೆಗೆದಿಡಬೇಕು. ತಿರುಗುವ ಯಂತ್ರದ ಮುಂದೆ ನಿಲ್ಲುವವರು ವಜ್ರಕ್ಕಾಗಿ ಅಲ್ಲ, ಬೆರಳಿಗಾಗಿ ತೆಗೆದಿಡಬೇಕು.

ವಜ್ರಕ್ಕೆ ಜಿಡ್ಡಿನ ಸೆಳೆತ ಬಹಳ. ಕಿಂಬರ್ಲಿಯ ಗಣಿಗಳಲ್ಲಿ 19ನೆಯ ಶತಮಾನದ ಕೊನೆಯಿಂದ ಗ್ರೀಸು ಬಳಿದ ಹಲಗೆಯ ಮೇಲೆ ಜಲ್ಲಿ, ನೀರು ಹರಿಸಿ, ಅಂಟಿಕೊಂಡ ವಜ್ರಗಳನ್ನು ಆರಿಸುತ್ತಿದ್ದದ್ದು ಇದೇ ಗುಣದಿಂದ. ಅಭ್ಯಂಜನದ ಎಣ್ಣೆ, ಅರಿಶಿನ, ಕ್ರೀಮು ಎಲ್ಲವೂ ಕಲ್ಲಿನ ಹಿಂಬದಿಯಲ್ಲಿ ಕೂರುತ್ತವೆ, ವಿವಿಎಸ್ ಕಲ್ಲೂ ವಾರದಲ್ಲಿ ಮಂಕಾಗುತ್ತದೆ. ಬೆಚ್ಚನೆಯ ನೀರು, ಅಂಟುವಾಳದ ನೊರೆ, ಮೆದು ಬ್ರಷ್ಷು ಸಾಕು. ಬಿರುಕಿರುವ ಕಲ್ಲನ್ನು ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಲು ಬಿಡಬೇಡಿ.

ಕೊಳ್ಳುವಾಗ ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕಾದ್ದು ಇನ್ನೊಂದು: ಬಿರುಕಿಗೆ ಗಾಜಿನಂಥ ಪದಾರ್ಥ ತುಂಬಿದ ಕಲ್ಲಲ್ಲ ಎಂದು. ತುಂಬಿದ ಕಲ್ಲು ಶುದ್ಧವಾಗಿ ಕಾಣುತ್ತದೆ, ಬೆಸುಗೆಯ ಕಾವಿಗೆ ಒಳಗಿನದು ಹಾಳಾಗುತ್ತದೆ. ಒಳ್ಳೆಯ ಕಲ್ಲಿಗೂ ನೇರ ಉರಿ ಆಗದು. ವಜ್ರವೂ ಇಂಗಾಲವೇ, ಗಾಳಿಯಲ್ಲಿ ಹೆಚ್ಚು ಕಾದರೆ ಮೇಲ್ಮೈ ಸುಟ್ಟು ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಕಸುಬು ಬಲ್ಲ ಆಚಾರಿ ಬೋರಿಕ್ ಆಸಿಡ್ ಲೇಪಿಸಿಯೇ ಉರಿ ಹಿಡಿಯುತ್ತಾರೆ.

ಉಂಗುರವನ್ನು ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಮೆಲ್ಲಗೆ ತಟ್ಟಿ. ಕಿಟಿಕಿಟಿ ಸದ್ದು ಬಂದರೆ ಕಲ್ಲು ಸಡಿಲವಾಗಿದೆ. ಅವತ್ತೇ ಬಿಚ್ಚಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಆಚಾರಿಯ ಬಳಿ ಒಯ್ಯಿರಿ; ಉಗುರು ಒತ್ತಿಸುವ ಮಜೂರಿ ಹೊಸ ಕಲ್ಲಿನ ಬೆಲೆಯ ಮುಂದೆ ಏನೂ ಅಲ್ಲ.